ರಕ್ಷಣಾ ಆದೇಶ ಮೀರಿದ ಆರೋಪ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ 2005 ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಕೋರ್ಟಿನಲ್ಲಿ ಎಲ್ಲರ ಬಾಯಲ್ಲೂ ಅದು ‘ಡಿವಿ ಕಾಯ್ದೆ’. ಈ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣಾ ಆದೇಶವನ್ನು ಮೀರಿದ್ದೀರಿ ಎಂಬ ಆರೋಪ ಬಂದವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಒಂದು ಮಾತು ಮೊದಲೇ ಹೇಳಬೇಕು. ಇಂಥ ಕೇಸಿನಲ್ಲಿ ಹೆಚ್ಚಿನವರು ಎಡವುವುದು ಮದುವೆಯ ಇಡೀ ಜಗಳವನ್ನು ಮತ್ತೆ ಹೇಳಲು ಹೋಗಿ. ಯಾರದು ತಪ್ಪು, ಯಾರದು ಸರಿ ಎಂದು ಕೋರ್ಟು ಇಲ್ಲಿ ಕೇಳುವುದಿಲ್ಲ. ಆದೇಶದಲ್ಲಿ ಏನಿತ್ತು, ಅದು ನಿಮಗೆ ಗೊತ್ತಿತ್ತೇ, ಆ ದಿನ ನೀವು ಏನು ಮಾಡಿದಿರಿ ಎಂದಷ್ಟೇ ಕೇಳುತ್ತದೆ. ಪ್ರತಿರಕ್ಷೆಯೂ ಅಲ್ಲಿಂದಲೇ ಹುಟ್ಟಬೇಕು.

ರಕ್ಷಣಾ ಆದೇಶ ಎಂದರೆ ಯಾವುದು? ಮೀರಿದರೆ ಶಿಕ್ಷೆ ಎಷ್ಟು?

ಕಾಯ್ದೆಯ 18ನೇ ಕಲಂ ಅಡಿ ಕೊಟ್ಟ ಆದೇಶಕ್ಕೆ ಮಾತ್ರ ‘ರಕ್ಷಣಾ ಆದೇಶ’ ಎಂಬ ಹೆಸರು. ಹಿಂಸೆ ಮಾಡಬಾರದು, ಹಿಂಸೆಗೆ ಕುಮ್ಮಕ್ಕು ಕೊಡಬಾರದು, ಆದೇಶ ಪಡೆದ ಮಹಿಳೆ ಕೆಲಸ ಮಾಡುವ ಜಾಗಕ್ಕೆ ಅಥವಾ ಮಗುವಿನ ಶಾಲೆಗೆ ಹೋಗಬಾರದು, ಯಾವ ರೂಪದಲ್ಲೂ ಸಂಪರ್ಕಿಸಲು ಯತ್ನಿಸಬಾರದು, ಅನುಮತಿಯಿಲ್ಲದೆ ಆಸ್ತಿ ಪರಭಾರೆ ಮಾಡಬಾರದು, ಬ್ಯಾಂಕ್ ಲಾಕರ್ ತೆಗೆಯಬಾರದು, ಆಕೆಗೆ ನೆರವಾದವರಿಗೆ ತೊಂದರೆ ಕೊಡಬಾರದು ಎಂಬಂಥ ನಿರ್ಬಂಧಗಳು ಅದರಲ್ಲಿರುತ್ತವೆ. 23ನೇ ಕಲಂ ಅಡಿ ಬರುವ ಮಧ್ಯಂತರ ರಕ್ಷಣಾ ಆದೇಶಕ್ಕೂ ಅಷ್ಟೇ ಬಲವಿದೆ. ಮೀರಿದರೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಡಿವಿ ಕೇಸು ಸಿವಿಲ್ ಸ್ವರೂಪದ್ದು ಅನ್ನುತ್ತಾರಲ್ಲ, ಪೊಲೀಸರು ಯಾಕೆ ಬಂದರು?

12ನೇ ಕಲಂ ಅರ್ಜಿ, ಅಂದರೆ ಪರಿಹಾರ ಕೋರಿ ಆಕೆ ಮ್ಯಾಜಿಸ್ಟ್ರೇಟರಿಗೆ ಹಾಕುವ ಮೂಲ ಅರ್ಜಿ, ಸಿವಿಲ್ ಸ್ವರೂಪದ್ದು ಎಂಬುದು ನಿಜ. ಅದರಲ್ಲಿ ನೀವು ಆರೋಪಿಯಲ್ಲ, ಎದುರುದಾರ. ಆದರೆ ಆದೇಶ ಮೀರಿದ ಕ್ಷಣದಿಂದ ವಿಷಯ ಅಪರಾಧವಾಗುತ್ತದೆ. 32ನೇ ಕಲಂ ಇದನ್ನು ಸಂಜ್ಞೇಯ (ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ) ಮತ್ತು ಜಾಮೀನು ರಹಿತ ಅಪರಾಧವೆಂದು ಸಾರಿದೆ. ಆಕೆ ಸಂರಕ್ಷಣಾಧಿಕಾರಿಗೆ ಸಹಿ ಮಾಡಿದ ಲಿಖಿತ ದೂರು ಕೊಡಬಹುದು, ನೇರವಾಗಿ ಠಾಣೆಗೂ ಹೋಗಬಹುದು, ಮ್ಯಾಜಿಸ್ಟ್ರೇಟರ ಮುಂದೆಯೂ ದೂರು ಸಲ್ಲಿಸಬಹುದು. ಕರ್ನಾಟಕದ ತಾಲೂಕುಗಳಲ್ಲಿ ಸಂರಕ್ಷಣಾಧಿಕಾರಿಯ ಕೆಲಸವನ್ನು ಸಾಮಾನ್ಯವಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ನೋಡಿಕೊಳ್ಳುತ್ತಾರೆ. ಅವರು ದೂರಿನ ಜೊತೆ ಆದೇಶದ ಪ್ರತಿಯನ್ನೂ ಸೇರಿಸಿ ಕೋರ್ಟಿಗೆ ಕಳಿಸುತ್ತಾರೆ. ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರೇ ಆದಷ್ಟೂ ಈ ಕೇಸಿನ ವಿಚಾರಣೆ ನಡೆಸಬೇಕೆಂಬುದು ಕಾಯ್ದೆಯ ಆಶಯ.

ಅಪರಾಧದ ಕೇಸಾದ್ದರಿಂದ ನಿಮಗೊಂದು ಅನುಕೂಲವೂ ಇದೆ. ಇಲ್ಲಿ ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸಬೇಕು. ‘ಹೀಗೆ ಆಗಿರಬಹುದು’ ಎಂಬಷ್ಟು ಸಾಲದು.

ಸರ್ಕಾರದ ಕಡೆಯವರು ಏನೇನು ಸಾಬೀತು ಮಾಡಬೇಕು?

ಆ ದಿನ ಜಾರಿಯಲ್ಲಿದ್ದ ರಕ್ಷಣಾ ಆದೇಶ ಇರಬೇಕು. ಅದರಲ್ಲಿ ನೀವು ಎದುರುದಾರರಾಗಿರಬೇಕು. ಆದೇಶ ನಿಮಗೆ ತಿಳಿದಿರಬೇಕು. ತಿಳಿದ ಮೇಲೂ, ಆದೇಶ ನಿಷೇಧಿಸಿದ ಕೆಲಸವನ್ನೇ ನೀವು ಮಾಡಿರಬೇಕು. ಈ ನಾಲ್ಕರಲ್ಲಿ ಒಂದು ಕೊಂಡಿ ಕಳಚಿದರೂ ಆರೋಪ ನಿಲ್ಲುವುದಿಲ್ಲ. ಒಳ್ಳೆಯ ವಕೀಲರು ಮೊದಲು ಹುಡುಕುವುದು ಈ ನಾಲ್ಕರಲ್ಲಿ ಯಾವುದು ಸಡಿಲವಿದೆ ಎಂದು. ಎಲ್ಲದರ ಮೇಲೂ ಒಟ್ಟಿಗೆ ಬಿದ್ದರೆ, ‘ನಾನು ಹೋಗೇ ಇಲ್ಲ’ ಎಂದು ಒಮ್ಮೆ, ‘ಆಕೆಯೇ ಕರೆದಳು, ಅದಕ್ಕೇ ಹೋದೆ’ ಎಂದು ಇನ್ನೊಮ್ಮೆ ಹೇಳಿದಂತಾಗಿ ಎರಡೂ ನೆಲಕಚ್ಚುತ್ತವೆ.

ಆದೇಶ ಆಗಿದ್ದೇ ನನಗೆ ಗೊತ್ತಿರಲಿಲ್ಲ. ಇದು ಪ್ರತಿರಕ್ಷೆಯೇ?

ಹೌದು. ನಿಜವಾಗಿದ್ದರೆ ಇದು ಬಲವಾದ ಪ್ರತಿರಕ್ಷೆ. 23ನೇ ಕಲಂ ಅಡಿ ನಿಮ್ಮನ್ನು ಕೇಳದೆಯೇ, ಆಕೆಯ ಪ್ರಮಾಣ ಪತ್ರದ ಆಧಾರದ ಮೇಲೆ ಏಕಪಕ್ಷೀಯ ಆದೇಶ ಬರಬಹುದು. ಹಾಗೆ ಬಂದ ಆದೇಶ ನಿಮ್ಮ ಕೈಸೇರಲು ದಿನಗಳು ಹಿಡಿಯುತ್ತವೆ. ಸೋಮವಾರ ಆದೇಶವಾಗಿ, ಬುಧವಾರ ನೀವು ಫೋನ್ ಮಾಡಿ, ಶುಕ್ರವಾರ ಪ್ರತಿ ತಲುಪಿದ್ದರೆ ಬುಧವಾರದ ಫೋನು ಉದ್ದೇಶಪೂರ್ವಕ ಉಲ್ಲಂಘನೆಯಾಗುವುದಿಲ್ಲ.

ಇದನ್ನು ತೋರಿಸಲು ಕೋರ್ಟಿನ ಕಡತದಲ್ಲಿರುವ ಜಾರಿ ವರದಿಯ ದೃಢೀಕೃತ ನಕಲು ತೆಗೆಸಿ. ಪ್ರತಿಯನ್ನು ಯಾರು, ಯಾವ ದಿನ, ಯಾರ ಕೈಗೆ ಕೊಟ್ಟರು ಎಂದು ನೋಡಿ. ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟ್ ಆಗಿದ್ದರೆ ಲಕೋಟೆಯ ಮೇಲಿನ ಷರಾ ಮುಖ್ಯ. ‘ಮನೆಗೆ ಬೀಗ’ ಎಂಬ ಷರಾಕ್ಕೂ ‘ವಿಳಾಸದಾರರು ನಿರಾಕರಿಸಿದರು’ ಎಂಬ ಷರಾಕ್ಕೂ ಅಜಗಜಾಂತರವಿದೆ. ನಿರಾಕರಿಸಿದರೆ ತಲುಪಿದಂತೆಯೇ ಕೋರ್ಟು ಭಾವಿಸುತ್ತದೆ. ಪೋಸ್ಟ್‌ಮನ್ ಬಂದಾಗ ಲಕೋಟೆ ವಾಪಸು ಕಳಿಸಿದರೆ ಕಾನೂನಿನಿಂದ ತಪ್ಪಿಸಿಕೊಂಡಂತೆ ಎಂಬ ನಂಬಿಕೆ ಹಳ್ಳಿಗಳಲ್ಲೂ ಪೇಟೆಯಲ್ಲೂ ಇದೆ. ಅದು ಹಾನಿಯನ್ನೇ ಮಾಡುತ್ತದೆ.

ಈ ಪ್ರತಿರಕ್ಷೆ ಎಲ್ಲಿ ಕುಸಿಯುತ್ತದೆ ಎಂಬುದನ್ನೂ ತಿಳಿದಿರಿ. ಆದೇಶ ಓದಿದ ದಿನ ನಿಮ್ಮ ವಕೀಲರು ಕೋರ್ಟಿನಲ್ಲಿದ್ದರೆ, ಸಂರಕ್ಷಣಾಧಿಕಾರಿ ಫೋನಿನಲ್ಲಿ ತಿಳಿಸಿದ್ದರೆ, ಅಥವಾ ‘ಆ ಆರ್ಡರ್ ಹರಿದು ಹಾಕು’ ಎಂದು ನೀವೇ ಮೆಸೇಜು ಮಾಡಿದ್ದರೆ ಕಾಗದ ಕೈಗೆ ಬಂದಿಲ್ಲ ಎಂಬ ವಾದಕ್ಕೆ ಬೆಲೆಯಿಲ್ಲ. ಕೋರ್ಟು ನೋಡುವುದು ನಿಮಗೆ ವಿಷಯ ತಿಳಿದಿತ್ತೇ ಎಂದು.

ಆದೇಶ ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರುವುದಿಲ್ಲ.

ಇದೊಂದೇ ಆಧಾರದ ಮೇಲೆ ಬಿಡುಗಡೆ ಸಿಗುವುದು ಕಷ್ಟ. ಆದೇಶದ ಮಾತುಗಳೇ ಗೊಂದಲಮಯವಾಗಿದ್ದರೆ ಮಾತ್ರ ಇದು ನಿಮ್ಮ ಉದ್ದೇಶ ಏನಿತ್ತೆಂದು ತೋರಿಸಲು ನೆರವಾಗುತ್ತದೆ. ಆದೇಶ ಕೈಗೆ ಬಂದ ದಿನವೇ ಕನ್ನಡದಲ್ಲಿ ಸಾಲು ಸಾಲಾಗಿ ಓದಿಸಿಕೊಳ್ಳಿ.

ಮಧ್ಯಂತರ ಆದೇಶ ಆ ದಿನ ಜಾರಿಯಲ್ಲಿತ್ತೇ ಎಂದು ಹೇಗೆ ತಿಳಿಯುವುದು?

ತುಂಬಾ ಜನ ನೋಡದೇ ಬಿಡುವ ಜಾಗ ಇದು. ಎಷ್ಟೋ ಮಧ್ಯಂತರ ಆದೇಶಗಳು ‘ಮುಂದಿನ ದಿನಾಂಕದವರೆಗೆ’ ಎಂಬ ಮಿತಿಯೊಡನೆ ಬರುತ್ತವೆ. ಪ್ರತಿ ವಾಯಿದೆಯಲ್ಲೂ ಅದನ್ನು ವಿಸ್ತರಿಸಬೇಕು. ವಿಸ್ತರಿಸಿದ ಷರಾ ಆರ್ಡರ್ ಶೀಟಿನಲ್ಲಿ, ಅಂದರೆ ಪ್ರತಿ ವಾಯಿದೆಯ ಕಲಾಪ ಬರೆದಿಡುವ ಹಾಳೆಯಲ್ಲಿ, ಇರಬೇಕು. ನ್ಯಾಯಾಧೀಶರು ರಜೆಯಲ್ಲಿದ್ದು ಕಡತ ಸುಮ್ಮನೆ ಮುಂದಕ್ಕೆ ಹೋದ ದಿನ, ವಕೀಲರು ಕಲಾಪ ಬಹಿಷ್ಕರಿಸಿದ ದಿನ ಆ ಷರಾ ತಪ್ಪಿಹೋಗುವುದುಂಟು. ಆದ್ದರಿಂದ ಆದೇಶದ ಪ್ರತಿಯಷ್ಟೇ ಸಾಲದು. ಆದೇಶವಾದ ದಿನದಿಂದ ಘಟನೆಯ ದಿನದವರೆಗಿನ ಇಡೀ ಆರ್ಡರ್ ಶೀಟಿಗೆ ನಕಲು ಅರ್ಜಿ ಹಾಕಿ. ಮುಖ್ಯ ಅರ್ಜಿಯೇ ಗೈರುಹಾಜರಿಯಿಂದ ವಜಾ ಆಗಿದ್ದರೆ ಮಧ್ಯಂತರ ಆದೇಶವೂ ಅದರೊಡನೆ ಹೋಗುತ್ತದೆ.

ಅಂತಿಮ ರಕ್ಷಣಾ ಆದೇಶದ ಕಥೆ ಬೇರೆ. 25ನೇ ಕಲಂ ಪ್ರಕಾರ ಆಕೆಯೇ ರದ್ದತಿಗೆ ಅರ್ಜಿ ಹಾಕುವವರೆಗೂ ಅದು ಜಾರಿಯಲ್ಲಿರುತ್ತದೆ. ಐದು ವರ್ಷದ ಹಿಂದಿನ ಆದೇಶ ತಾನಾಗಿ ಸತ್ತುಹೋಗಿದೆ ಎಂದುಕೊಳ್ಳಬೇಡಿ.

ಜೀವನಾಂಶ ಕಟ್ಟಿಲ್ಲ ಎಂದು 31ನೇ ಕಲಂ ಹಾಕಿದ್ದಾರೆ. ಸರಿಯೇ?

ಕಾಯ್ದೆಯ ಭಾಷೆ ನೋಡಿದರೆ ಸರಿಯಲ್ಲ. ಹಣದ ಪರಿಹಾರ 20ನೇ ಕಲಂ ಅಡಿ ಬರುತ್ತದೆ. 31ನೇ ಕಲಂ ಹೇಳುವುದು ‘ರಕ್ಷಣಾ ಆದೇಶ’ದ ಉಲ್ಲಂಘನೆಯನ್ನು. ಆ ಪದಕ್ಕೆ 18ನೇ ಕಲಂನ ಆದೇಶ ಎಂದೇ ವ್ಯಾಖ್ಯೆ ಇದೆ. ದಂಡನೆಯ ಕಾನೂನನ್ನು ಎಳೆದು ಹಿಗ್ಗಿಸಿ ಓದಬಾರದು ಎಂಬ ತತ್ವದ ಮೇಲೆ ಕರ್ನಾಟಕ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್, 2023ರಲ್ಲಿ ದೆಹಲಿ ಹೈಕೋರ್ಟ್ ಇದೇ ನಿಲುವು ತಳೆದಿವೆ. ಇದಕ್ಕೆ ವಿರುದ್ಧವಾಗಿ, ಹಣ ತಡೆಹಿಡಿಯುವುದು ಆರ್ಥಿಕ ಹಿಂಸೆ ಎಂದು ನೋಡಿದ ತೀರ್ಪುಗಳೂ ಬೇರೆ ಹೈಕೋರ್ಟ್‌ಗಳಿಂದ ಬಂದಿವೆ. ಹಾಗಾಗಿ ನಿಮ್ಮ ಕೇಸು ಯಾವ ರಾಜ್ಯದ್ದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಆದರೆ ಇದನ್ನು ಬಾಕಿ ಉಳಿಸಿಕೊಳ್ಳಲು ಸಿಕ್ಕ ರಹದಾರಿ ಎಂದು ತಿಳಿಯಬೇಡಿ. ಬಾಕಿ ವಸೂಲಿಗೆ ಜೀವನಾಂಶದ ದಾರಿಯೇ ಇದೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125. ವಾರಂಟು ಬರುತ್ತದೆ. ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ನಿಮ್ಮ ಸಂಬಳದಿಂದಲೇ ನೇರವಾಗಿ ಹಣ ಕಡಿತ ಮಾಡಿ ಕೊಡುವಂತೆ ಮಾಲೀಕರಿಗೆ ಆದೇಶಿಸಲೂ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಆ ಹಣದ ಮೇಲೆ ಮಕ್ಕಳ ಊಟ, ಶಾಲೆಯ ಫೀಸು ನಿಂತಿರುತ್ತದೆ.

19ನೇ ಕಲಂನ ವಾಸದ ಆದೇಶಕ್ಕೂ ಇದೇ ವಾದ ಎತ್ತಬಹುದು. ಎಚ್ಚರ ಮಾತ್ರ ಬೇಕು. 2006ರ ನಿಯಮಗಳ 15ನೇ ನಿಯಮ, ಕೋರ್ಟಿನ ಆದೇಶ ಜಾರಿಗೆ ಎದುರುದಾರ ಅಥವಾ ಅವನ ಪರವಾಗಿ ಇನ್ನೊಬ್ಬರು ಒಡ್ಡಿದ ಪ್ರತಿರೋಧವನ್ನೇ ರಕ್ಷಣಾ ಆದೇಶದ ಉಲ್ಲಂಘನೆ ಎಂದು ಪರಿಗಣಿಸುತ್ತದೆ. ಮನೆಗೆ ಸೇರಿಸಲು ಪೊಲೀಸರೊಡನೆ ಬಂದ ಆಕೆಗೆ ಬಾಗಿಲು ಅಡ್ಡ ಹಾಕಿದವರು ಈ ನಿಯಮದ ಬಾಯಿಗೆ ಬೀಳುತ್ತಾರೆ.

ಆಕೆಯೇ ಫೋನ್ ಮಾಡಿ ಮನೆಗೆ ಕರೆದಳು. ಹೋದದ್ದು ತಪ್ಪೇ?

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಆದೇಶ ಕೊಟ್ಟದ್ದು ಕೋರ್ಟು. ಅದನ್ನು ಸಡಿಲಿಸಬೇಕಾದ್ದೂ ಕೋರ್ಟೇ. ಆಕೆ ಕರೆದ ಮಾತ್ರಕ್ಕೆ ಆದೇಶ ಅಮಾನತಾಗುವುದಿಲ್ಲ. ಹಬ್ಬಕ್ಕೆ ಕರೆದು, ಎರಡು ದಿನ ಚೆನ್ನಾಗಿದ್ದು, ಮೂರನೇ ದಿನ ಮಾತಿಗೆ ಮಾತು ಬೆಳೆದು ಠಾಣೆಗೆ ಹೋದರೆ ಆ ಮೊದಲ ಕರೆ ನಿಮ್ಮನ್ನು ಪೂರ್ತಿ ಕಾಪಾಡುವುದಿಲ್ಲ.

ಹಾಗೆಂದು ಆ ಕರೆ ನಿರುಪಯೋಗಿಯೂ ಅಲ್ಲ. ಬಲವಂತದಿಂದ ನುಗ್ಗಿದ ಎಂಬ ದೂರಿನ ಕಥೆಯನ್ನು ಅದು ಅಲ್ಲಾಡಿಸುತ್ತದೆ, ಕೇಡಿನ ಉದ್ದೇಶ ಇರಲಿಲ್ಲ ಎಂದು ತೋರಿಸುತ್ತದೆ, ಶಿಕ್ಷೆಯ ಪ್ರಮಾಣದ ಪ್ರಶ್ನೆ ಬಂದಾಗಲೂ ನೆರವಿಗೆ ಬರುತ್ತದೆ. ಆದ್ದರಿಂದ ಆಕೆಯಿಂದ ಬಂದ ಕರೆ, ಸಂದೇಶಗಳನ್ನು ಉಳಿಸಿಡಿ. ಉತ್ತರ ಕೊಡಬೇಡಿ. ಮತ್ತೆ ಒಂದಾಗುವ ಮನಸ್ಸು ಇಬ್ಬರಿಗೂ ನಿಜವಾಗಿ ಇದ್ದರೆ 25ನೇ ಕಲಂ ಅಡಿ ಆಕೆ ಅರ್ಜಿ ಹಾಕಿ ಆದೇಶ ತೆಗೆಸಬಹುದು. ಅದಾದ ಮೇಲೆ ಒಂದಾಗಿ.

ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಅಕಸ್ಮಾತ್ ಎದುರಾದರೆ?

ಆಕಸ್ಮಿಕ ಭೇಟಿ ಉಲ್ಲಂಘನೆಯಲ್ಲ. ಮುಂದಿನ ಐದು ನಿಮಿಷ ನೀವು ಏನು ಮಾಡಿದಿರಿ ಎಂಬುದು ಅದನ್ನು ಉಲ್ಲಂಘನೆಯಾಗಿ ಮಾಡಬಲ್ಲದು. ಕಂಡ ತಕ್ಷಣ ಹಿಂದಿರುಗಿದವನ ವಾದ ನಿಲ್ಲುತ್ತದೆ. ಹತ್ತಿರ ಹೋಗಿ ‘ಎರಡು ಮಾತು ಆಡಬೇಕು’ ಎಂದವನದು ನಿಲ್ಲುವುದಿಲ್ಲ. ನಮ್ಮ ಕೋರ್ಟುಗಳ ಆದೇಶಗಳಲ್ಲಿ ಎಷ್ಟು ಮೀಟರ್ ದೂರ ಎಂದು ಬರೆಯದೇ ಇರುವುದೇ ಹೆಚ್ಚು. ‘ಆಕೆ ಸಾಮಾನ್ಯವಾಗಿ ಹೋಗುವ ಜಾಗಗಳಿಗೆ ಹೋಗಬಾರದು’ ಎಂದಷ್ಟೇ ಇದ್ದರೆ ಊರಿನ ಒಂದೇ ಸಂತೆ, ಒಂದೇ ದೇವಸ್ಥಾನ, ಒಂದೇ ಬ್ಯಾಂಕ್ ಶಾಖೆ ಅದರಲ್ಲಿ ಸೇರುತ್ತವೆಯೇ? ಅಸ್ಪಷ್ಟತೆಯ ಲಾಭ ಆರೋಪಿಗೆ ಸಿಗಬೇಕು ಎಂದು ವಾದಿಸಬಹುದು. ಆದರೆ ಕೇಸು ಬೀಳುವ ಮೊದಲೇ ಸ್ಪಷ್ಟೀಕರಣ ಕೋರಿ ಅರ್ಜಿ ಹಾಕಿದವರ ವಾದವನ್ನು ಕೋರ್ಟು ನಂಬುವಷ್ಟು, ಸಿಕ್ಕಿಬಿದ್ದ ಮೇಲೆ ಅಸ್ಪಷ್ಟತೆ ಕಂಡವರದನ್ನು ನಂಬುವುದಿಲ್ಲ.

ಇಬ್ಬರೂ ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಇರಬೇಕಾದ ಆದೇಶಗಳೂ ಉಂಟು. ಅಲ್ಲಿ ಅಡುಗೆಮನೆ, ಬಚ್ಚಲು, ನೀರಿನ ಸಮಯ ಎಲ್ಲವೂ ಜಗಳದ ಮೂಲವೇ. ಯಾವುದನ್ನು ಯಾರು ಯಾವಾಗ ಬಳಸಬೇಕೆಂದು ಆದೇಶದಲ್ಲೇ ಬರೆಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ವಾಟ್ಸಾಪ್ ಸ್ಟೇಟಸ್, ಕುಟುಂಬದ ಗ್ರೂಪು, ಒಂದು ರೂಪಾಯಿ ಯುಪಿಐ… ಇವೂ ಸಂಪರ್ಕವೇ?

18ನೇ ಕಲಂ ಹೇಳುವುದು ಮುಖತಃ, ಬಾಯಿಮಾತಿನಲ್ಲಿ, ಬರಹದಲ್ಲಿ, ಎಲೆಕ್ಟ್ರಾನಿಕ್ ಅಥವಾ ಫೋನ್ ಮೂಲಕ, ಯಾವುದೇ ರೂಪದ ಸಂಪರ್ಕದ ಯತ್ನ. ಆಕೆಯ ನಂಬರು ಬ್ಲಾಕ್ ಆಗಿದೆಯೆಂದು ಹಣ ಕಳಿಸುವ ಆ್ಯಪಿನ ಟಿಪ್ಪಣಿಯಲ್ಲಿ ‘ನೋಡ್ಕೋತೀನಿ’ ಎಂದು ಬರೆದರೆ ಅದು ಸಂಪರ್ಕವೇ. ಸಂಪರ್ಕ ನಿಷೇಧ ಇದ್ದಾಗ ಜೀವನಾಂಶವನ್ನು ಟಿಪ್ಪಣಿ ಇಲ್ಲದೆ ಬ್ಯಾಂಕ್ ಖಾತೆಗೆ ಹಾಕಿ, ಚಲನ್ ಇಟ್ಟುಕೊಳ್ಳಿ. ತಮ್ಮ, ಗೆಳೆಯ, ಊರ ಹಿರಿಯರ ಮೂಲಕ ಹೇಳಿಸಿದ ಮಾತೂ ನಿಮ್ಮ ಮಾತೇ. ಐವತ್ತು ಜನರ ಗ್ರೂಪಿಗೆ ಹಾಕಿದ ಯುಗಾದಿ ಶುಭಾಶಯ ಆಕೆಗೂ ತಲುಪಿತೆಂಬುದು ಮಾತ್ರ ದುರ್ಬಲ ಆರೋಪ. ಆದರೂ ಆ ಗ್ರೂಪಿನಿಂದ ಹೊರಬರುವುದು ಒಳ್ಳೆಯದು.

ಸ್ಕ್ರೀನ್‌ಶಾಟ್ ಆಧಾರದ ಆರೋಪವಾದರೆ ಪರಿಶೀಲಿಸಬೇಕಾದ್ದು ಬಹಳ ಇದೆ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದಕ್ಕೆ ಆ ಸಾಧನದ ಉಸ್ತುವಾರಿ ಇರುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ಹ್ಯಾಶ್ ಮೌಲ್ಯ, ಅಂದರೆ ಆ ಕಡತದ ಡಿಜಿಟಲ್ ಬೆರಳಚ್ಚಿನಂಥ ಸಂಕೇತ. ಅದಿಲ್ಲದಿದ್ದರೆ ಆಕ್ಷೇಪವನ್ನು ಕೋರ್ಟು ಆ ದಾಖಲೆಯನ್ನು ಸಾಕ್ಷ್ಯವಾಗಿ ಗುರುತಿಸುವ ಹೊತ್ತಿಗೇ ಎತ್ತಬೇಕು. ಸುಮ್ಮನಿದ್ದು ಅಂತಿಮ ವಾದದಲ್ಲಿ ಎತ್ತಿದರೆ ತಡವಾಯಿತು ಎನ್ನಿಸಿಕೊಳ್ಳುತ್ತದೆ. ಹೆಸರು ಬದಲಿಸಿ ಸೇವ್ ಮಾಡಿದ ಬೇರೆ ನಂಬರು ಸ್ಕ್ರೀನ್‌ಶಾಟಿನಲ್ಲಿ ನಿಮ್ಮ ಹೆಸರಾಗಿಯೇ ಕಾಣುತ್ತದೆ. ಹಾಗಾಗಿ ಕಳಿಸಿದ ನಂಬರು ಯಾವುದು, ಆ ಸಿಮ್ ಯಾರ ಹೆಸರಿನಲ್ಲಿದೆ ಎಂದು ಕೇಳಿಸಿ.

ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು, ಓಡಿದೆ. ಆಗಲೂ ತಪ್ಪೇ?

ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಂ, ಕೆಡುಕಿನ ಉದ್ದೇಶವಿಲ್ಲದೆ ದೊಡ್ಡ ಹಾನಿ ತಪ್ಪಿಸಲು ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ವಿಶೇಷ ಕಾಯ್ದೆಗಳ ಅಪರಾಧಕ್ಕೂ ಈ ಸಾಮಾನ್ಯ ವಿನಾಯಿತಿಗಳು ಅನ್ವಯಿಸುತ್ತವೆ. ಆದರೆ ಸಾಬೀತಿನ ಹೊರೆ ನಿಮ್ಮದು. ಅಪಾಯ ನಿಜವಿತ್ತೇ, ಬೇರೆ ದಾರಿ ಇರಲಿಲ್ಲವೇ, ಕೆಲಸ ಮುಗಿದ ಕೂಡಲೇ ಹೊರಟಿರಾ ಎಂದು ಕೋರ್ಟು ಕೇಳುತ್ತದೆ. ಮಗುವನ್ನು ನೋಡಿ ಅರ್ಧ ಗಂಟೆಯಲ್ಲಿ ಹೊರಟವನಿಗೂ, ವಾರ್ಡಿನಲ್ಲಿ ನಿಂತು ಜೀವನಾಂಶದ ಲೆಕ್ಕ ಕೇಳಿದವನಿಗೂ ಒಂದೇ ಉತ್ತರ ಸಿಗುವುದಿಲ್ಲ. ಹೊರಡುವ ಮುನ್ನ 112ಕ್ಕೆ ಅಥವಾ ಸಂರಕ್ಷಣಾಧಿಕಾರಿಗೆ ಒಂದು ಕರೆ ಮಾಡಿದ್ದರೆ ಆ ದಾಖಲೆಯೇ ಅರ್ಧ ಪ್ರತಿರಕ್ಷೆ.

ಮಗುವನ್ನು ನೋಡುವ ಹಂಬಲ ದಿನನಿತ್ಯದ್ದಾದರೆ ಅದು ತುರ್ತಲ್ಲ. 21ನೇ ಕಲಂ ಅಡಿ ಭೇಟಿಗೆ ಅರ್ಜಿ ಹಾಕಿ ದಿನ, ಗಂಟೆ, ಜಾಗ, ಮಗುವನ್ನು ಕರೆತರುವವರು ಯಾರು ಎಂಬುದನ್ನೆಲ್ಲ ಬರೆಸಿಕೊಳ್ಳಿ. ಶಾಲೆಯ ಗೇಟಿನ ಹೊರಗೆ ನಿಂತು ನೋಡುವ ತಂದೆಯ ಸಂಕಟ ನಿಜವೇ ಆದರೂ, ಶಾಲೆಗೆ ಹೋಗಬಾರದು ಎಂದು ಆದೇಶದಲ್ಲಿದ್ದರೆ ಅದು ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ.

ಆ ಹೊತ್ತಿನಲ್ಲಿ ನಾನು ಊರಲ್ಲೇ ಇರಲಿಲ್ಲ. ಹೇಗೆ ತೋರಿಸುವುದು?

ಬೇರೆಡೆ ಇದ್ದೆ ಎಂಬುದನ್ನು ನೀವೇ ಸಾಬೀತು ಮಾಡಬೇಕು. ಅದಕ್ಕೆ ವೇಗ ಮುಖ್ಯ. ಅಂಗಡಿ, ಅಪಾರ್ಟ್‌ಮೆಂಟುಗಳ ಸಿಸಿಟಿವಿ ದೃಶ್ಯ ಕೆಲವೇ ವಾರಗಳಲ್ಲಿ, ಕೆಲವೆಡೆ ಅದಕ್ಕೂ ಮೊದಲೇ ತಾನಾಗಿ ಅಳಿಸಿಹೋಗುತ್ತದೆ. ಎಫ್‌ಐಆರ್ ಪ್ರತಿ ಸಿಕ್ಕ ದಿನವೇ ದೃಶ್ಯ ಉಳಿಸಿಡುವಂತೆ ಲಿಖಿತ ಕೋರಿಕೆ ಕೊಟ್ಟು, ತನಿಖಾಧಿಕಾರಿಗೂ ಒಂದು ಪ್ರತಿ ಕೊಡಿ. ಅವರು ಕೊಡದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ದಾಖಲೆ ತರಿಸಲು ಕೋರ್ಟಿಗೆ ಅರ್ಜಿ ಹಾಕಬಹುದು. ಫಾಸ್ಟ್‌ಟ್ಯಾಗ್ ವಿವರ, ಕೆಎಸ್‌ಆರ್‌ಟಿಸಿ ಟಿಕೆಟು, ಕಚೇರಿಯ ಹಾಜರಾತಿ, ಆಸ್ಪತ್ರೆಯ ಚೀಟಿ, ಎಟಿಎಂ ರಸೀದಿ, ಇವು ಒಂದಕ್ಕೊಂದು ಹೊಂದಿಕೊಂಡರೆ ಬಲ ಹೆಚ್ಚು.

ಟವರ್ ಲೊಕೇಶನ್ ಮೇಲೆ ಅತಿ ಭರವಸೆ ಬೇಡ. ಅದು ಫೋನ್ ಎಲ್ಲಿತ್ತು ಎಂದು ಹೇಳುತ್ತದೆ, ಮನುಷ್ಯ ಎಲ್ಲಿದ್ದ ಎಂದಲ್ಲ. ಒಂದು ಟವರಿನ ವ್ಯಾಪ್ತಿ ಹಳ್ಳಿ ಕಡೆ ಕೆಲವು ಕಿಲೋಮೀಟರ್ ಇರುತ್ತದೆ. ಪಕ್ಕದ ಬೀದಿಯಲ್ಲಿದ್ದೆನೋ ಆಕೆಯ ಬಾಗಿಲಲ್ಲಿದ್ದೆನೋ ಎಂಬುದನ್ನು ಅದು ಬಿಡಿಸಿ ಹೇಳಲಾರದು. ಈ ದೌರ್ಬಲ್ಯ ಎರಡೂ ಕಡೆಗೆ ಅನ್ವಯ. ನಿಮ್ಮ ವಿರುದ್ಧ ಟವರ್ ದಾಖಲೆ ತಂದರೂ ಇದೇ ಪ್ರಶ್ನೆ ಎತ್ತಬಹುದು.

ಆಕೆಯ ಒಂದೇ ಮಾತಿನ ಮೇಲೆ ಶಿಕ್ಷೆ ಆಗುತ್ತದೆಯೇ?

ಆಗಬಹುದು. ಆಗಲೇಬೇಕು ಎಂದಿಲ್ಲ. 32ನೇ ಕಲಂನ ಎರಡನೇ ಉಪಕಲಂ ಆಕೆಯೊಬ್ಬಳ ಸಾಕ್ಷ್ಯದ ಮೇಲೆ ಕೋರ್ಟು ತೀರ್ಮಾನಕ್ಕೆ ಬರಬಹುದು ಎನ್ನುತ್ತದೆ. ನಾಲ್ಕು ಗೋಡೆಯೊಳಗೆ ನಡೆಯುವ ಹಿಂಸೆಗೆ ಬೇರೆ ಸಾಕ್ಷಿ ಎಲ್ಲಿ ಸಿಗಬೇಕು? ಕಾನೂನು ಹಾಗೆ ಬರೆದಿರುವುದಕ್ಕೆ ಕಾರಣವಿದೆ. ಆದರೆ ಆ ಸಾಕ್ಷ್ಯ ನಂಬುವಂತಿರಬೇಕು. ಸಂರಕ್ಷಣಾಧಿಕಾರಿಗೆ ಕೊಟ್ಟ ದೂರು, ಎಫ್‌ಐಆರ್, ಕೋರ್ಟಿನ ಹೇಳಿಕೆ ಮೂರನ್ನೂ ಪಕ್ಕ ಪಕ್ಕ ಇಟ್ಟು ದಿನಾಂಕ, ಹೊತ್ತು, ಜಾಗ, ಆಡಿದ ಮಾತು, ಜೊತೆಗಿದ್ದವರು ಯಾರು ಎಂಬುದನ್ನು ಹೋಲಿಸಬೇಕು. ಪಾಟೀ ಸವಾಲಿನಲ್ಲಿ ಫಲ ಕೊಡುವುದು ಇಂಥ ಚಿಕ್ಕ, ನಿಖರ ಪ್ರಶ್ನೆಗಳು. ಆಕೆಯ ನಡತೆಯನ್ನು ಕೆದಕುವ ಪ್ರಶ್ನೆಗಳು ತಪ್ಪು. ಕೋರ್ಟಿನ ಕಣ್ಣಲ್ಲಿ ಅವು ನಿಮ್ಮನ್ನೇ ಕೆಳಗಿಳಿಸುತ್ತವೆ.

ಬಂಧಿಸುತ್ತಾರೆಯೇ? ಜಾಮೀನು ಸಿಗುತ್ತದೆಯೇ?

ಜಾಮೀನು ರಹಿತ ಎಂದರೆ ಠಾಣೆಯಲ್ಲಿ ಹಕ್ಕಾಗಿ ಸಿಗುವುದಿಲ್ಲ ಎಂದಷ್ಟೇ ಅರ್ಥ. ಕೋರ್ಟು ಕೊಡಬಹುದು. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯವೇನೆಂದು ಪೊಲೀಸರು ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟು 2014ರ ಜುಲೈ 2ರ ತೀರ್ಪಿನಲ್ಲಿ ಹೇಳಿದೆ. ಬಂಧಿಸದಿದ್ದರೆ ಹಾಜರಾಗಲು ಕೊಡುವುದು ಈಗ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂನ ನೋಟಿಸು. ನೋಟಿಸು ಬಂದರೆ ಹಾಜರಾಗಿ. ಹಾಜರಾಗದಿರುವುದೇ ಬಂಧನಕ್ಕೆ ಕಾರಣವಾಗುತ್ತದೆ. 60 ವರ್ಷ ದಾಟಿದವರನ್ನು ಅಥವಾ ಅಶಕ್ತರನ್ನು, ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಇಂಥ ಅಪರಾಧದಲ್ಲಿ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಬಂಧಿಸುವಂತಿಲ್ಲ. ವಯಸ್ಸಾದ ಅತ್ತೆ-ಮಾವಂದಿರ ವಿಷಯದಲ್ಲಿ ಇದನ್ನು ನೆನಪಿಡಿ. ಬಂಧನಕ್ಕೆ ಮೊದಲೇ ಕೇಳುವ ನಿರೀಕ್ಷಣಾ ಜಾಮೀನಿಗೆ ಅದೇ ಸಂಹಿತೆಯ 482ನೇ ಕಲಂ.

ಜಾಮೀನು ಕೊಡುವಾಗ ಫೋನ್ ಮಾಡಬಾರದು, ಮನೆಯ ಹತ್ತಿರ ಹೋಗಬಾರದು, ಮದ್ಯ ಸೇವಿಸಬಾರದು, ಬಂದೂಕು ಇಟ್ಟುಕೊಳ್ಳಬಾರದು ಎಂಬ ಷರತ್ತುಗಳನ್ನು ಹಾಕಲು 15ನೇ ನಿಯಮದಲ್ಲೇ ಅವಕಾಶವಿದೆ. ಕೊಡಗಿನಂಥ ಕಡೆ ಮನೆಯಲ್ಲಿ ಕೋವಿ ಇರುವವರು ಈ ಷರತ್ತನ್ನು ಗಮನವಿಟ್ಟು ಓದಿಕೊಳ್ಳಬೇಕು.

ಘಟನೆ ನಡೆದು ಎರಡು ವರ್ಷವಾದ ಮೇಲೆ ದೂರು ಕೊಟ್ಟಿದ್ದಾರೆ.

ಕಾಲಮಿತಿ ನೋಡಿ. ಒಂದು ವರ್ಷದವರೆಗಿನ ಸೆರೆವಾಸದ ಅಪರಾಧವನ್ನು ಒಂದು ವರ್ಷದೊಳಗೆ ಕೋರ್ಟಿನ ಗಮನಕ್ಕೆ ತರಬೇಕು. ಇದು ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂ. 12ನೇ ಕಲಂ ಅರ್ಜಿಗೆ ಈ ಮಿತಿ ಇಲ್ಲ, ಆದೇಶ ಮೀರಿದ ಅಪರಾಧಕ್ಕೆ ಇದೆ ಎಂಬುದನ್ನು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ವಿವರಿಸಿದೆ. ಎರಡು ಅಡ್ಡಿಗಳುಂಟು. ಜೊತೆಗೆ ನ್ಯಾಯ ಸಂಹಿತೆಯ ಕ್ರೌರ್ಯದ 85ನೇ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ 498ಎ ಸೇರಿದ್ದರೆ ಹೆಚ್ಚು ಶಿಕ್ಷೆಯ ಅಪರಾಧದ ಮಿತಿಯೇ ಲೆಕ್ಕಕ್ಕೆ ಬಂದು ಮೂರು ವರ್ಷವಾಗುತ್ತದೆ. ಮುಂದುವರಿಯುತ್ತಲೇ ಇರುವ ಅಪರಾಧವಾದರೆ ದಿನದಿನವೂ ಹೊಸ ಲೆಕ್ಕ.

ಆದೇಶವೇ ತಪ್ಪು. ಅದನ್ನು ಪಾಲಿಸಬೇಕೇ?

ರದ್ದಾಗುವವರೆಗೆ ಪಾಲಿಸಬೇಕು. ಆದೇಶ ತಲುಪಿದ ದಿನದಿಂದ 30 ದಿನದೊಳಗೆ 29ನೇ ಕಲಂ ಅಡಿ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ಪ್ರತ್ಯೇಕ ತಡೆಯಾಜ್ಞೆ ಬೇಕು. ಪರಿಸ್ಥಿತಿ ಬದಲಾಗಿದ್ದರೆ 25(2) ಅಡಿ ಮಾರ್ಪಾಡು ಕೇಳಬಹುದು. ಆ ಬದಲಾವಣೆ ಆದೇಶದ ನಂತರ ಆದದ್ದಾಗಿರಬೇಕು ಎಂದು 2024ರಲ್ಲಿ, ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ಹಳೆಯ ವಾದವನ್ನೇ ಹೊಸ ಅರ್ಜಿಯಲ್ಲಿ ತಂದರೆ ನಿಲ್ಲುವುದಿಲ್ಲ.

ಅತ್ತೆ, ನಾದಿನಿಯ ಮೇಲೂ ಉಲ್ಲಂಘನೆಯ ಕೇಸು ಹಾಕಬಹುದೇ?

ಆದೇಶದಲ್ಲಿ ಅವರ ಹೆಸರಿದ್ದರೆ ಹಾಕಬಹುದು. ಎದುರುದಾರ ವಯಸ್ಕ ಪುರುಷನೇ ಆಗಿರಬೇಕೆಂಬ ಮಾತನ್ನು ಸುಪ್ರೀಂ ಕೋರ್ಟು 2016ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದೆ. ಅರ್ಜಿಯಲ್ಲಿ ಐದು ಜನರ ಹೆಸರಿದ್ದು ಆದೇಶ ಒಬ್ಬರ ಮೇಲಷ್ಟೇ ಆಗಿದ್ದರೆ ಉಳಿದ ನಾಲ್ವರ ಮೇಲಿನ 31ನೇ ಕಲಂ ಆರೋಪವನ್ನು ಪ್ರಶ್ನಿಸಬೇಕು. ಆದೇಶದ ಕೊನೆಯ ಪ್ಯಾರಾ ಓದಿದರೆ ಇದು ತಿಳಿಯುತ್ತದೆ.

ನಾನು ದುಬೈನಲ್ಲಿದ್ದೇನೆ. ಅಲ್ಲಿಂದ ಕಳಿಸಿದ ಇಮೇಲಿಗೆ ಇಲ್ಲಿ ಕೇಸೇ?

ಇಮೇಲು ಬಂದು ಮುಟ್ಟಿದ್ದು ಇಲ್ಲಿಯಾದ್ದರಿಂದ ಇಲ್ಲಿ ಕೇಸು ದಾಖಲಾಗಬಹುದು. ಭಾರತದ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧದ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವ ಮಂಜೂರಾತಿ ಬೇಕು (ನಾಗರಿಕ ಸುರಕ್ಷಾ ಸಂಹಿತೆಯ 208ನೇ ಕಲಂ). ಅಪರಾಧ ಎಲ್ಲಿ ನಡೆಯಿತು ಎಂಬುದೇ ಇಲ್ಲಿ ವಾದದ ವಸ್ತು. ಇದನ್ನು ಹೈಕೋರ್ಟಿನಲ್ಲಿ ಎತ್ತುವುದು ರೂಢಿ.

ರಾಜಿಯಾದೆವು. ಕೇಸು ಮುಗಿಯಿತೇ?

ತಾನಾಗಿ ಮುಗಿಯುವುದಿಲ್ಲ. ಈ ಅಪರಾಧ ರಾಜಿಗೆ ಅರ್ಹವಾದ ಪಟ್ಟಿಯಲ್ಲಿಲ್ಲ. ಇಬ್ಬರೂ ಪ್ರಮಾಣ ಪತ್ರದೊಡನೆ ಹೈಕೋರ್ಟಿನಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಂ ಅಡಿ ರದ್ದತಿ ಕೋರಬೇಕು. ಧಾರವಾಡ, ಕಲಬುರಗಿ ಪೀಠಗಳ ವ್ಯಾಪ್ತಿಯವರು ಅಲ್ಲಿಯೇ ಹಾಕಬಹುದು. ರಾಜಿಯ ಮಾತುಕತೆಯನ್ನು ವಕೀಲರ ಅಥವಾ ಮಧ್ಯಸ್ಥಿಕೆ ಕೇಂದ್ರದ ಮೂಲಕ ಮಾತ್ರ ಮಾಡಿ. ನೀವೇ ಫೋನ್ ಮಾಡಿದರೆ ಅದು ಎರಡನೇ ಉಲ್ಲಂಘನೆ.

ನಿಜವಾಗಿಯೂ ಮೀರಿದ್ದೇನೆ. ಈಗೇನು?

ವಕೀಲರಿಗೆ ಸತ್ಯ ಹೇಳಿ. ಸುಳ್ಳು ಪ್ರತಿರಕ್ಷೆ ಕಟ್ಟುವುದಕ್ಕಿಂತ ಶಿಕ್ಷೆಯ ವಿಷಯದಲ್ಲಿ ಪ್ರಾಮಾಣಿಕವಾಗಿ ವಾದಿಸುವುದು ಮೇಲು. 31ನೇ ಕಲಂಗೆ ಕನಿಷ್ಠ ಶಿಕ್ಷೆ ಇಲ್ಲ. ಸಂಕ್ಷಿಪ್ತ ವಿಚಾರಣೆ ನಡೆದರೆ ಮೂರು ತಿಂಗಳಿಗಿಂತ ಹೆಚ್ಚು ಸೆರೆವಾಸ ಕೊಡುವಂತಿಲ್ಲ. ಮೊದಲ ಅಪರಾಧವಾದರೆ 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ ಅಡಿ ಸನ್ನಡತೆಯ ಮುಚ್ಚಳಿಕೆ ಮೇಲೆ ಬಿಡುಗಡೆ ಕೇಳಬಹುದು. ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದ್ದು, ಬಾಕಿ ಜೀವನಾಂಶ ಕಟ್ಟಿದ್ದು, ಘಟನೆಯ ನಂತರ ಒಮ್ಮೆಯೂ ಸಂಪರ್ಕಿಸದಿದ್ದದ್ದು, ಇವುಗಳ ದಾಖಲೆ ಅಲ್ಲಿ ಮಾತಾಡುತ್ತದೆ.

ಮಾಡಲೇಬಾರದ್ದು ಯಾವುದು?

ಫೋನಿನ ಸಂದೇಶ ಅಳಿಸುವುದು. ಸಾಕ್ಷ್ಯವಾಗಬಲ್ಲ ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡುವುದು ನ್ಯಾಯ ಸಂಹಿತೆಯ 241ನೇ ಕಲಂ ಪ್ರಕಾರ ಮೂರು ವರ್ಷದವರೆಗಿನ ಶಿಕ್ಷೆಯ ಬೇರೆಯೇ ಅಪರಾಧ. ಮೂಲ ಆರೋಪಕ್ಕಿಂತ ಅದು ದೊಡ್ಡದು. ‘ಕ್ಷಮೆ ಕೇಳಿ ಬರ್ತೀನಿ’ ಎಂದು ಆಕೆಯ ಮನೆಗೆ ಹೋಗುವುದು. ಆಕೆಯ ಅಪ್ಪ-ಅಮ್ಮನ ಮೇಲೆ ಊರಿನವರಿಂದ ಒತ್ತಡ ತರುವುದು. ಸೇಡಿಗೆಂದು ತರಾತುರಿಯಲ್ಲಿ ಪ್ರತಿದೂರು ಕೊಡುವುದು. ದೂರು ನಿಜಕ್ಕೂ ಸುಳ್ಳಾಗಿದ್ದರೆ ಅದಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 379ನೇ ಕಲಂನ ದಾರಿ ಇದೆ, ಅದು ಸಾಕ್ಷ್ಯ ಮುಗಿದ ಮೇಲಿನ ಮಾತು.

ವಕೀಲರನ್ನು ಮೊದಲ ಸಲ ಕಾಣುವಾಗ ಏನು ಒಯ್ಯಬೇಕು?

ಆದೇಶದ ಪ್ರತಿ, ಅದು ಕೈಗೆ ಬಂದ ಲಕೋಟೆ, ಎಫ್‌ಐಆರ್ ಅಥವಾ ದೂರಿನ ಪ್ರತಿ, ಡಿವಿ ಕೇಸಿನ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಕೋರ್ಟು ಕೊಡುವ ಗುರುತು ಸಂಖ್ಯೆ), ಜೀವನಾಂಶ ಕಟ್ಟಿದ ಬ್ಯಾಂಕ್ ವಿವರ, ಏನನ್ನೂ ಅಳಿಸದ ಫೋನು. ಜೊತೆಗೆ ಆದೇಶ ತಿಳಿದ ದಿನದಿಂದ ಇವತ್ತಿನವರೆಗೆ ಆಕೆಯೊಡನೆ ಆದ ಪ್ರತಿಯೊಂದು ಸಂಪರ್ಕವನ್ನೂ, ನಿಮಗೆ ಮುಜುಗರ ತರುವಂಥದ್ದನ್ನೂ ಬಿಡದೆ, ದಿನಾಂಕವಾರು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅದನ್ನು ವಕೀಲರ ಕೈಗೇ ಕೊಡಿ, ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದಿದ್ದರೆ ಕೋರ್ಟಿನ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಸಹಾಯವಾಣಿ ಸಂಖ್ಯೆ 15100. ಕಸ್ಟಡಿಯಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.